ಮೃತರ ಸ್ಮಾರಕಗಳೂ ಪ್ರದರ್ಶನಶಾಲೆಯೂ: ಜಪಾನ್ ಮತ್ತು ಕನ್ನಡನಾಡು – ಒಂದು ತೌಲನಿಕ ವಿಚಾರ

೧. ಪೀಠಿಕೆ

ಕಳೆದ ಆಟಿ ತಿಂಗಳ ಒಂದು ಸಂಜೆ, ಮಳೆ ತುಸು ಹೊಳವಾದ ಹೊತ್ತಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಉರ್ವದ ನಮ್ಮ ಮನೆಗೆ ಬಂದನು. ಈಗ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕನಾಗಿರುವ ಆತನಿಗೆ ಅಲ್ಲಿಯ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಣೆಯನ್ನು ಅಣಿಗೊಳಿಸುವ ಹೊಣೆ ಬಿದ್ದಿದೆ. ವಿಷಯ, ಮರಣವನ್ನು ಕುರಿತ ಜಪಾನೀಯರ ನಂಬಿಕೆಗಳು. ಬಂದವರು ಗಾಜಿನಾಚೆಯ ವಸ್ತುವನ್ನು ನೋಡಿಕೊಂಡು ಹೋಗಿಬಿಡದೆ, ಮುಟ್ಟಿ, ಕೇಳಿ, ತಾವೇ ಏನನ್ನಾದರೂ ಮಾಡಿ ತಿಳಿದುಕೊಳ್ಳುವಂತೆ ಆ ಕೋಣೆ ಇರಬೇಕೆಂಬುದು ಯೋಜನೆ. ಬೆರಳು ತಾಗಿದರೆ ಮಾತನಾಡುವ ಪರದೆಗಳು, ಗುಂಡಿ ಒತ್ತಿದರೆ ಬೆಳಗುವ ದೀಪಗಳು, ನೋಡುಗರ ಪಾಪಪುಣ್ಯಗಳನ್ನು ಲೆಕ್ಕ ಹಾಕಿ ತೀರ್ಪು ಹೇಳುವ ಒಂದು ಯಂತ್ರ, ಇಷ್ಟನ್ನೂ ಆತ ಹಾಳೆಯ ಮೇಲೆ ಬರೆದು ತಂದಿದ್ದನು. "ಸಾರ್, ನಮ್ಮ ಮಕ್ಕಳಿಗೆ ಇದು ಅರ್ಥವಾದೀತೋ? ದೂರದ ದೇಶದ ಸಂಗತಿಯೆಂದು ನಗಾಡಿಕೊಂಡು ಹೋದರೆ ಏನು ಮಾಡುವುದು?" ಎಂಬುದು ಅವನ ಚಿಂತೆ.

ಅಂದು ನಾನು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ಆ ಉತ್ತರವನ್ನು ಪೂರ್ಣಗೊಳಿಸುವ ಪ್ರಯತ್ನವೇ ಪ್ರಸ್ತುತ ಲೇಖನ. ಮೃತರಿಗಾಗಿ ಮನುಷ್ಯನು ನಿಲ್ಲಿಸಿದ ಸ್ಮಾರಕಗಳು ಬದುಕಿರುವವರಿಂದ ಒಂದಲ್ಲ ಒಂದು ಕ್ರಿಯೆಯನ್ನು ಕೋರುತ್ತವೆ. ಆ ಕೋರಿಕೆಯನ್ನು ಬಿಟ್ಟು ವಸ್ತುವನ್ನಷ್ಟೇ ಎತ್ತಿ ತಂದು ಇಟ್ಟರೆ ನಾವು ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಈ ಮಾತನ್ನು ಜಪಾನಿನ ಆಚರಣೆಗಳಿಂದಲೂ ನಮ್ಮ ನಾಡಿನ ಕಲ್ಲುಗಳಿಂದಲೂ ನಿದರ್ಶಿಸಿ, ಅಂಥ ಕೋಣೆಯೊಂದನ್ನು ಹೇಗೆ ರೂಪಿಸಬಹುದೆಂಬುದನ್ನು ಕೊನೆಯಲ್ಲಿ ವಿಚಾರಿಸಲಾಗಿದೆ.

೨. ಜಪಾನೀಯರ ಮರಣವಿಚಾರ

ಜಪಾನಿನ ಅತಿ ಪ್ರಾಚೀನ ಪುರಾಣಗಳಲ್ಲಿ ಮೃತರ ಲೋಕಕ್ಕೆ 'ಯೋಮಿ' ಎಂದು ಹೆಸರು. ಇಜನಾಗಿ ಎಂಬ ದೇವನು ಸತ್ತ ಮಡದಿ ಇಜನಾಮಿಯನ್ನು ಹುಡುಕುತ್ತ ಅಲ್ಲಿಗೆ ಹೋಗಿ, ನೋಡಬಾರದೆಂದಿದ್ದರೂ ದೀಪ ಹಚ್ಚಿ ನೋಡಿ, ಕೊಳೆತ ದೇಹವನ್ನು ಕಂಡು ಹೆದರಿ ಓಡಿಬಂದು ನೀರಿನಲ್ಲಿ ಮಿಂದು ಶುದ್ಧನಾದನೆಂಬುದು ಕಥೆ. ಸಾವು ಮೈಲಿಗೆಯೆಂಬ ಭಾವನೆ ಷಿಂತೋ ಸಂಪ್ರದಾಯದಲ್ಲಿ ಬಲವಾಗಿ ಬೇರೂರಿದೆ. ಕ್ರಿ. ಶ. ಆರನೆಯ ಶತಮಾನದಲ್ಲಿ ಬೌದ್ಧಧರ್ಮವು ಕೊರಿಯಾದ ಮಾರ್ಗವಾಗಿ ಆ ದ್ವೀಪಗಳನ್ನು ತಲುಪಿದ ಮೇಲೆ, ಷಿಂತೋ ದೂರವಿಟ್ಟಿದ್ದ ಶವಸಂಸ್ಕಾರದ ಹೊಣೆಯನ್ನು ಕ್ರಮೇಣ ಬೌದ್ಧ ಭಿಕ್ಷುಗಳು ವಹಿಸಿಕೊಂಡರು. ಡೋಷೋ ಎಂಬ ಭಿಕ್ಷುವಿನ ದೇಹವನ್ನು ೭೦೦ರಲ್ಲಿ ದಹಿಸಿದುದೇ ಅಲ್ಲಿಯ ದಾಖಲೆಗಳಲ್ಲಿ ಕಾಣುವ ಮೊದಲ ದಹನ. ೧೮೭೩ರಲ್ಲಿ ಮೇಯ್ಜಿ ಸರಕಾರವು ದಹನವನ್ನು ನಿಷೇಧಿಸಿ, ಎರಡೇ ವರ್ಷಗಳಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಇಂದು ಅಲ್ಲಿ ಹೆಚ್ಚುಕಡಿಮೆ ಎಲ್ಲ ಮೃತರಿಗೂ ದಹನವೇ. ಸನಾತನವೆಂದು ಜನ ತಿಳಿದಿರುವ ಆಚಾರಗಳಿಗೂ ಇತಿಹಾಸವಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಸತ್ತವನು ಸಂಜು ಎಂಬ ನದಿಯನ್ನು ದಾಟಬೇಕು. ಅದಕ್ಕಾಗಿ ಆರು ಕಾಸು ಶವದೊಡನೆ ಇಡುತ್ತಾರೆ. ದಡದಲ್ಲೊಬ್ಬ ಮುದುಕಿ ಬಟ್ಟೆ ಕಳಚಿಸುತ್ತಾಳೆ. ಆ ಬಟ್ಟೆಯನ್ನು ನೇತುಹಾಕಿದ ಕೊಂಬೆ ಎಷ್ಟು ಬಾಗುವುದೋ ಅಷ್ಟು ಪಾಪಭಾರ. ಮುಂದೆ ಹತ್ತು ಮಂದಿ ರಾಜರ ನ್ಯಾಯಸ್ಥಾನ. ಅವರಲ್ಲಿ ಪ್ರಸಿದ್ಧನಾದ ಎಮ್ಮನು ನಮ್ಮ ಯಮನೇ. ಬೌದ್ಧ ಗ್ರಂಥಗಳೊಡನೆ ಚೀನಾಕ್ಕೆ ಹೋಗಿ, ಅಲ್ಲಿ ಅಧಿಕಾರಿಯ ಉಡುಪು ತೊಟ್ಟು, ಜಪಾನನ್ನು ಸೇರಿದವನು. ಅವನ ಬಳಿ ಒಂದು ಸ್ಫಟಿಕ ದರ್ಪಣವಿದೆ. ಅದರಲ್ಲಿ ಸತ್ತವನು ತಾನು ಮಾಡಿದ್ದನ್ನೆಲ್ಲ ತಾನೇ ಕಾಣುತ್ತಾನೆ. ನಲವತ್ತೊಂಬತ್ತನೆಯ ದಿನದವರೆಗೆ ಏಳು ದಿನಗಳಿಗೊಮ್ಮೆ ಕರ್ಮಗಳು ನಡೆಯುತ್ತವೆ. ಮೃತನಿಗೆ ಭಿಕ್ಷುಗಳು ಹೊಸ ಹೆಸರೊಂದನ್ನು ಕೊಡುತ್ತಾರೆ. ಅದನ್ನು ಮರದ ಫಲಕದ ಮೇಲೆ ಬರೆದು ಮನೆಯ ಪೂಜಾಪೀಠದಲ್ಲಿ ಇಟ್ಟು ಅನ್ನ, ನೀರು, ಧೂಪಗಳನ್ನು ಅರ್ಪಿಸುತ್ತಾರೆ.

ವರ್ಷಕ್ಕೊಮ್ಮೆ ಪಿತೃಗಳು ಮನೆಗೆ ಬರುವ ಹಬ್ಬಕ್ಕೆ 'ಬೋನ್' ಎಂದು ಹೆಸರು. ಉಲ್ಲಂಬನವೆಂಬ ಸಂಸ್ಕೃತ ಶಬ್ದದಿಂದ ಅದು ಬಂದಿತೆಂಬುದು ಬಹುಕಾಲದಿಂದ ಪ್ರಚಲಿತವಾದ ವಿವರಣೆ. ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಕಂಡ ಮೌದ್ಗಲ್ಯಾಯನನು ಸಂಘಕ್ಕೆ ಅನ್ನವನ್ನಿತ್ತು ಆಕೆಯನ್ನು ಬಿಡಿಸಿದ ಕಥೆ ಅದಕ್ಕೆ ಮೂಲ. ದೇಶದ ಬಹುಭಾಗಗಳಲ್ಲಿ ಆಗಸ್ಟ್ ೧೩ರಿಂದ ೧೬ರವರೆಗೆ ಈ ಹಬ್ಬ ನಡೆಯುತ್ತದೆ. ಮುಳ್ಳುಸೌತೆಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆಯೆಂದೂ, ಬದನೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಹಸುವೆಂದೂ ಇಡುತ್ತಾರೆ. ಬರುವಾಗ ಕುದುರೆಯೇರಿ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಲಿ ಎಂಬುದು ಆಶಯ. ೧೬ರ ರಾತ್ರಿ ಕ್ಯೋಟೋ ನಗರದ ಸುತ್ತಣ ಐದು ಬೆಟ್ಟಗಳ ಮೇಲೆ ಬೆಂಕಿ ಹೊತ್ತಿಸಿ ಅವರನ್ನು ಬೀಳ್ಕೊಡುತ್ತಾರೆ.

೩. ತುಳುನಾಡಿನ ಸಾದೃಶ್ಯಗಳು

ಇಷ್ಟನ್ನು ಓದಿದ ಮಂಗಳೂರಿನ ಮಗುವಿಗೆ ಇದು ಪರದೇಶದ ಸಂಗತಿಯೆನಿಸಬೇಕಾಗಿಲ್ಲ. ಆ ಹಬ್ಬ ನಡೆಯುವ ದಿನಗಳು ಬಹುಮಟ್ಟಿಗೆ ನಮ್ಮ ಆಟಿಯ ದಿನಗಳೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳಲ್ಲಿ ಇಲ್ಲಿಯ ಅನೇಕ ಮನೆತನಗಳು ಬಾಳೆಯೆಲೆ ಹಾಸಿ 'ಕುಲೆ'ಗಳಿಗೆ, ಅಂದರೆ ತೀರಿಕೊಂಡ ಮನೆಯವರಿಗೆ, ಎಡೆ ಬಡಿಸುತ್ತವೆ. ಎಲೆಯ ಮುಂದೆ ಅವರ ಹೆಸರನ್ನು ಹೇಳಿ ಕರೆಯುವುದುಂಟು. ಘಟ್ಟದ ಮೇಲಿನವನಾದ ನಾನು ಉರ್ವದಲ್ಲಿ ನೆಲೆಸಿದ ಹೊಸದರಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಇದನ್ನು ಕಂಡು ಬೆರಗಾಗಿದ್ದೆ.

ಇನ್ನೂ ಹತ್ತಿರದ ಸಾದೃಶ್ಯವೊಂದಿದೆ. ಮದುವೆಯಾಗದೆ ತೀರಿಕೊಂಡ ಗಂಡು ಹೆಣ್ಣುಗಳಿಗೆ ತುಳುನಾಡಿನಲ್ಲಿ 'ಕುಲೆ ಮದಿಮೆ' ಮಾಡುತ್ತಾರೆ. ಎರಡು ಮನೆತನಗಳು ಬಳಿ ನೋಡಿ, ಜೋಡಿ ಹೊಂದಿಸಿ, ಸೀರೆ, ಪಂಚೆ, ಕರಿಮಣಿಗಳನ್ನಿಟ್ಟು, ಸಂಬಂಧಿಕರನ್ನು ಕರೆದು ಊಟ ಹಾಕಿ ಮುಗಿಸುವ ಈ ಮದುವೆ ಬಹುಶಃ ಆಟಿಯಲ್ಲಿಯೇ ನಡೆಯುವಂಥದು. ೨೦೨೨ರಲ್ಲಿ ಇಂಥದೊಂದು ಮದುವೆಯ ವಾರ್ತೆ ದೇಶದ ತುಂಬ ಹರಡಿ, ಕೆಲವರು ನಕ್ಕರು, ಕೆಲವರು ಬೆರಗಾದರು. ಜಪಾನಿನ ಉತ್ತರದ ತ್ಸುಗಾರು ಪ್ರಾಂತದಲ್ಲಿ, ಅವಿವಾಹಿತನಾಗಿ ಸತ್ತ ಮಗನಿಗಾಗಿ ತಾಯಿತಂದೆಗಳು ಮದುವಣಗಿತ್ತಿಯ ಬೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮಗನ ಭಾವಚಿತ್ರದೊಡನೆ ಗುಡಿಗೆ ಒಪ್ಪಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಎಳೆಯ ಸೈನಿಕರಿಗಾಗಿ ಹೀಗೆ ಬೊಂಬೆಗಳನ್ನಿಟ್ಟವರು ಅನೇಕರು. ಯಾಮಗಾತ ಪ್ರಾಂತದಲ್ಲಿ ಬೊಂಬೆಯ ಬದಲು ಮದುವೆಯ ಚಿತ್ರವನ್ನು ಬರೆಯಿಸಿ ಅರ್ಪಿಸುವ ರೂಢಿಯುಂಟು. ಮಗನಿಗೆ ಮದುವೆ ಮಾಡಲಾಗಲಿಲ್ಲವೆಂಬ ತಾಯಿಯ ಕೊರಗು ಎರಡೂ ಕಡೆ ಒಂದೇ.

ಸಾದೃಶ್ಯವನ್ನು ಕಂಡೊಡನೆ ಸಂಬಂಧವನ್ನು ಕಲ್ಪಿಸುವುದು ಇತಿಹಾಸದ ವಿದ್ಯಾರ್ಥಿಗೆ ತರವಲ್ಲ. ಯಮನು ಜಪಾನಿಗೆ ಹೋದ ದಾರಿಯನ್ನು ಗ್ರಂಥಗಳಿಂದ ತೋರಿಸಬಹುದು. ಆಟಿಗೂ ಬೋನ್ ಹಬ್ಬಕ್ಕೂ ಅಂಥ ದಾರಿಯನ್ನು ತೋರಿಸುವ ಆಧಾರಗಳಿಲ್ಲ. ಆದರೂ ಜಪಾನಿನ ಕೆಲವು ವಿದ್ವಾಂಸರಿಗೆ ತುಳುನಾಡಿನ ಆಚರಣೆಗಳು ಆಳವಾಗಿ ತಟ್ಟಿವೆ. ಮಸತಾಕ ಸುಜುಕಿ, ಮಿಹೋ ಇಶಿಯಿ ಮೊದಲಾದವರು ಇಲ್ಲಿಗೆ ಬಂದು ಭೂತಾರಾಧನೆಯನ್ನು ಅಭ್ಯಸಿಸಿ ಬರೆದಿದ್ದಾರೆ. ಎಣ್ಮೂರಿನಲ್ಲಿ ಮಡಿದ ಕೋಟಿ–ಚೆನ್ನಯರು ಗರೋಡಿಗಳಲ್ಲಿ ಇಂದಿಗೂ ಆರಾಧ್ಯರಾಗಿ, ನೇಮದ ರಾತ್ರಿ ಪಾತ್ರಿಯ ಬಾಯಿಂದ ನುಡಿ ಕೊಡುತ್ತಾರೆ. ಇಲ್ಲಿ ಮೃತರು ಮೌನಿಗಳಲ್ಲ. ಕೇಳುವವರು ಮುಂದೆ ನಿಂತಿರಬೇಕು, ಅಷ್ಟೇ.

೪. ಕಲ್ಲುಗಳು ಕೋರುವುದೇನು?

ತುಳುನಾಡಿನಿಂದ ಹೊರಟು ಕನ್ನಡನಾಡನ್ನು ಸಮಗ್ರವಾಗಿ ಅವಲೋಕಿಸಿದರೆ, ಮೃತರಿಗಾಗಿ ಇಷ್ಟು ಕಲ್ಲುಗಳನ್ನು ನಿಲ್ಲಿಸಿದ ನಾಡು ವಿರಳವೆನ್ನಬೇಕು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಸುಮಾರು ನಾಲ್ಕುನೂರು ಸಮಾಧಿ ರಚನೆಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಮುಚ್ಚಿದ ಆ ಕಲ್ಲುಮನೆಗಳಲ್ಲಿ ಕೆಲವಕ್ಕೆ ದುಂಡನೆಯ ಕಂಡಿಯುಂಟು. ಜನ ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ನಮ್ಮ ಮೂಡುಬಿದಿರೆಯ ಸಮೀಪದ ಮೂಡುಕೊಣಾಜೆಯ ಇಂಥದೇ ಕಲ್ಗೋರಿಗಳ ನೆಲೆಯಲ್ಲಿ ಸುಟ್ಟ ಮಣ್ಣಿನ ಪ್ರತಿಮೆಗಳು ದೊರೆತುದನ್ನು ೨೦೨೩ರಲ್ಲಿ ಪುರಾತತ್ತ್ವಜ್ಞ ಟಿ. ಮುರುಗೇಶಿಯವರು ಪ್ರಕಟಿಸಿದರು. ಜಪಾನಿನಲ್ಲಿಯೂ ಕ್ರಿ. ಶ. ಮೂರರಿಂದ ಆರನೆಯ ಶತಮಾನದವರೆಗಿನ ಅರಸರ ಸಮಾಧಿದಿಬ್ಬಗಳ ಮೇಲೆ 'ಹಾನಿವಾ' ಎಂಬ ಮಣ್ಣಿನ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು.

ಅಕ್ಷರ ಬಂದ ಮೇಲಿನ ಕಲ್ಲುಗಳು ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತವೆ. ಶ್ರವಣಬೆಳಗೊಳದ ಚಂದ್ರಗಿರಿಯ ಪ್ರಾಚೀನ ಶಾಸನಗಳಲ್ಲಿ ಬಹುಪಾಲು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪುಗಳು. ತುರು ಕಾಯ್ದು, ಊರು ಕಾಯ್ದು, ಹೆಣ್ಣಿನ ಮಾನ ಕಾಯ್ದು ಮಡಿದವರಿಗೆ ವೀರಗಲ್ಲು. ಅದರ ಸಾಮಾನ್ಯ ವಿನ್ಯಾಸವನ್ನು ವಾಚಕರು ಬಲ್ಲರು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಒಯ್ಯುವ ದೃಶ್ಯ, ಮೇಲೆ ಕೈಲಾಸದಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', ಷ. ಶೆಟ್ಟರ್ ಅವರ 'ಸಾವಿಗೆ ಆಹ್ವಾನ' ಈ ಕ್ಷೇತ್ರದಲ್ಲಿ ನಮ್ಮ ಕಣ್ಣು ತೆರೆಸಿದ ಗ್ರಂಥಗಳು.

ಇಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ವಿಶೇಷವಾಗಿ ಪರಿಶೀಲಿಸಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ ೯೪೯ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಕಾಲದ ಕಲ್ಲು ಅದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು ಮೆಚ್ಚುಗೆಯಾಗಿ ಊರನ್ನೋ ಹೊನ್ನನ್ನೋ ಬೇಡದೆ 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದು ಶಾಸನವೇ ವಿಧಿಸುತ್ತದೆ. ಒಂದು ನಾಯಿಯ ನೆನಪಿಗಾಗಿ ಶೈವ ಯತಿಯ ನಿತ್ಯದ ಊಟಕ್ಕೆ ನಿಬಂಧನೆ! ನೆನಪು ಕಲ್ಲಿನಲ್ಲಿ ತಾನಾಗಿ ಉಳಿಯದೆಂದೂ, ಉಣ್ಣುವವನೊಬ್ಬನು ಉಣ್ಣುವ ಮುನ್ನ ಒಂದು ಕ್ಷಣ ನಿಂತರೆ ಮಾತ್ರ ಉಳಿಯುವುದೆಂದೂ ಅದನ್ನು ಬರೆಯಿಸಿದವರು ಅರಿತಿದ್ದರು. ಇಂದು ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ೧೮೬೫ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಕಲ್ಲನ್ನು ಜೋಪಾನವಾಗಿ ಕಾಯ್ದಿದೆ. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಕಲ್ಲು ವಿಧಿಸಿದ ಕ್ರಿಯೆ ಮಾತ್ರ ಕಲ್ಲಿನೊಡನೆ ಬರಲಿಲ್ಲ.

೫. ಒಂದು ಸ್ವಾನುಭವ

ಈ ಮಾತನ್ನು ಬರೆಯುವ ಅಧಿಕಾರ ನನಗೆ ಬಂದುದು ನನ್ನದೇ ತಪ್ಪಿನಿಂದ. ಶಿಕ್ಷಕನಾಗಿ ಸೇರಿದ ಮೊದಲ ವರ್ಷಗಳಲ್ಲಿ ಶಿಕಾರಿಪುರದ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಊರ ಹೊರಗಿನ ಗದ್ದೆಯ ಬದುವಿನಲ್ಲಿ ಅರ್ಧ ಹೂತ ವೀರಗಲ್ಲೊಂದಿತ್ತು. ಮಳೆಗೆ ಸವೆಯುತ್ತಿದೆ, ನೇಗಿಲು ತಾಗುತ್ತಿದೆ ಎಂದು ಮರುಗಿ, ಹುಡುಗರನ್ನು ಕೂಡಿಕೊಂಡು ಎತ್ತಿನ ಗಾಡಿಯಲ್ಲಿ ಅದನ್ನು ಶಾಲೆಯ ಅಂಗಳಕ್ಕೆ ತಂದೆ. ಸುಣ್ಣ ಎಣ್ಣೆಗಳ ಜಿಡ್ಡನ್ನು ಉಜ್ಜಿ ತೊಳೆದು, ಬೇಲಿ ಕಟ್ಟಿ, ಕಾಲವನ್ನು ಬರೆದ ಹಲಗೆಯನ್ನು ತೂಗುಹಾಕಿದೆ. ಇಲಾಖೆಯ ಅನುಮತಿಯಿಲ್ಲದೆ ಹಾಗೆ ಕಲ್ಲನ್ನು ಕದಲಿಸಬಾರದೆಂಬ ಅರಿವೂ ಆಗ ನನಗಿರಲಿಲ್ಲ. ಮೆಚ್ಚಿದವರು ಬಹಳ ಮಂದಿ.

ಮುಂದಿನ ಅಮಾವಾಸ್ಯೆಯಂದು ಮುದುಕಿಯೊಬ್ಬಳು ಎಣ್ಣೆಯ ಗಿಂಡಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಬದುವಿಗೆ ಹೋಗಿ ಗುಂಡಿಯನ್ನು ಕಂಡು, ಗಾಡಿಯ ಜಾಡು ಹಿಡಿದು ಬಂದಿದ್ದಳು. ನಾನು ಕಲ್ಲಿನ ಮಹತ್ತ್ವವನ್ನು ವಿವರಿಸಿದೆ. ಎಲ್ಲವನ್ನೂ ಕೇಳಿ ಆಕೆ, "ಕಲ್ಲು ತಂದ್ರಿ ಮೇಷ್ಟ್ರೇ, ಒಳ್ಳೇದೇ ಆತು. ಇನ್ನು ಎಣ್ಣೆ ಹಾಕೋರು ಯಾರು?" ಎಂದಳು. ಹಲಗೆಯ ಮೇಲೆ ನಾನು ಶತಮಾನವನ್ನು ಬರೆದಿದ್ದೆ. ಆ ಪ್ರಶ್ನೆಗೆ ಉತ್ತರ ಅದರಲ್ಲಿ ಇರಲಿಲ್ಲ. ಅವಳಿಗೆ ಕಲ್ಲಿನ ಕಾಲ ಗೊತ್ತಿರಲಿಲ್ಲ, ವೀರನ ಹೆಸರೂ ಗೊತ್ತಿರಲಿಲ್ಲ. ಅತ್ತೆ ಮಾಡುತ್ತಿದ್ದುದನ್ನು ತಾನು ಮಾಡುತ್ತಿದ್ದಳು. ಆ ಕ್ರಿಯೆಯ ಎಳೆಯನ್ನು ಕತ್ತರಿಸಿದವನು ಓದು ಬಲ್ಲ ನಾನು.

೬. ಶರಣರ ದೃಷ್ಟಿ

ನಮ್ಮ ವೀರಶೈವ ಪರಂಪರೆಯಲ್ಲಿ ಈ ವಿಚಾರ ಇನ್ನಷ್ಟು ಸೂಕ್ಷ್ಮವಾಗಿದೆ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳೂ ಲಿಂಗಧಾರಿಗೆ ಇಲ್ಲವೆಂದು ಸಾರಿದುದು ಶರಣರ ಕ್ರಾಂತಿ. ಇಜನಾಗಿಯು ಹೆದರಿ ಮಿಂದ ಮೈಲಿಗೆಯೂ, ನಮ್ಮ ನಾಡಿನ ಇತರ ಸಂಪ್ರದಾಯಗಳು ಲೆಕ್ಕ ಹಾಕುವ ದಿನಗಳೂ ಇಲ್ಲಿಲ್ಲ. ಲಿಂಗೈಕ್ಯರಾದವರನ್ನು ಮಲಗಿಸದೆ ಕುಳ್ಳಿರಿಸುತ್ತೇವೆ; ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಒಯ್ಯುತ್ತೇವೆ; ಸಮಾಧಿಯ ಗೂಡಿನಲ್ಲಿ ಕುಳ್ಳಿರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಬಿಲ್ವಪತ್ರೆ ವಿಭೂತಿಗಳಿಂದ ತುಂಬುತ್ತೇವೆ. ಬದುಕಿನುದ್ದಕ್ಕೂ ನಿತ್ಯ ಮಾಡಿದ ಲಿಂಗಪೂಜೆಯ ಭಂಗಿಯೇ ಕೊನೆಯ ಭಂಗಿ. ವೀರಗಲ್ಲಿನ ನಡುವಣ ಪಟ್ಟಿಕೆಯ ವಿಮಾನವನ್ನೂ ಮೇಲಣ ಪಟ್ಟಿಕೆಯ ಲಿಂಗಸನ್ನಿಧಿಯನ್ನೂ ಕಂಡಾಗಲೆಲ್ಲ ನನಗೆ ಈ ಕ್ರಿಯಾಸಮಾಧಿ ನೆನಪಾಗುತ್ತದೆ. ಆದರೆ ವೀರನಿಗೆ ಕೈಲಾಸ ಸತ್ತ ಮೇಲಿನದು. ಶರಣನಿಗೆ ಐಕ್ಯವು ಷಟ್‌ಸ್ಥಲದ ಕೊನೆಯ ಮೆಟ್ಟಲು, ಬದುಕಿದ್ದಾಗಲೇ ಏರಬೇಕಾದದ್ದು. ಈ ಭೇದವನ್ನು ಮರೆಯಬಾರದು.

ಹಾಗಾದರೆ ಬಯಲಾದವನಿಗೆ ಗದ್ದುಗೆ ಏಕೆ ಎಂಬ ಪ್ರಶ್ನೆ ಏಳುತ್ತದೆ. ಜಪಾನಿನ ಕೋಯ ಪರ್ವತದಲ್ಲಿ ಇದಕ್ಕೆ ಹೋಲಿಕೆಯೊಂದಿದೆ. ಷಿಂಗೋನ್ ಪಂಥದ ಆಚಾರ್ಯ ಕೂಕಾಯ್ ೮೩೫ರಲ್ಲಿ ಅಲ್ಲಿ ದೇಹ ಬಿಟ್ಟನು. ಭಕ್ತರು ಅದನ್ನು ಮರಣವೆನ್ನದೆ ಸಮಾಧಿಪ್ರವೇಶವೆನ್ನುತ್ತಾರೆ. ಆತನು ಇಂದಿಗೂ ಧ್ಯಾನದಲ್ಲಿ ಕುಳಿತಿದ್ದಾನೆಂದು ನಂಬಿ ಭಿಕ್ಷುಗಳು ದಿನಕ್ಕೆರಡು ಬಾರಿ ಊಟವನ್ನು ಹೊತ್ತು ಅಲ್ಲಿಗೆ ನಡೆಯುತ್ತಾರೆ. ನಮ್ಮಲ್ಲಿ ೨೦೧೯ರ ಜನವರಿ ೨೧ರಂದು ೧೧೧ನೆಯ ವಯಸ್ಸಿನಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಅವರ ಕ್ರಿಯಾಸಮಾಧಿಯನ್ನು ನಾಡೇ ನೋಡಿತು. ಆ ಗದ್ದುಗೆಯ ಮುಂದೆ ಇಂದಿಗೂ ಸಾವಿರಾರು ಮಕ್ಕಳ ದಾಸೋಹ ನಡೆಯುತ್ತಿದೆ. ಕೋಯದಲ್ಲಿ ಊಟ ಗುರುವಿನ ಸಮಾಧಿಗೆ ಹೋಗುತ್ತದೆ. ಸಿದ್ಧಗಂಗೆಯಲ್ಲಿ ಗುರುವಿನ ಹೆಸರಿನಿಂದ ಹಸಿದವರಿಗೆ ಹೋಗುತ್ತದೆ. ಎರಡು ಕಡೆಯೂ ನೆನಪನ್ನು ಹೊತ್ತಿರುವುದು ಕೈಗಳು. ಸ್ಥಾವರವು ಅಳಿಯುವಂಥದು, ಜಂಗಮವೇ ಉಳಿಯುವಂಥದು ಎಂಬ ಶರಣತತ್ತ್ವವನ್ನು ಸ್ಮಾರಕಗಳಿಗೆ ಅನ್ವಯಿಸುವುದಾದರೆ ಹೀಗೆಂದೇ ಅನ್ವಯಿಸಬೇಕು.

ಕೂಡಲಸಂಗಮದ ಐಕ್ಯಮಂಟಪದ ಇತಿಹಾಸವೂ ಇಲ್ಲಿ ಸ್ಮರಣೀಯ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಆ ಸ್ಥಳವನ್ನು ಮುಳುಗಿಸುವುದೆಂದು ಕಂಡಾಗ, ಅದನ್ನು ಕಿತ್ತು ಬೇರೆಡೆ ನಿಲ್ಲಿಸದೆ, ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನೆಬ್ಬಿಸಿ ಅಲ್ಲಿಯೇ ಉಳಿಸಿಕೊಂಡರು. ಇಂದು ಭಕ್ತನು ಸುತ್ತ ನೀರು ನಿಂತ ಆ ಆವರಣದೊಳಗೆ ಮೆಟ್ಟಲಿಳಿದು ಹೋಗುತ್ತಾನೆ. ವಸ್ತುವನ್ನು ನೋಡುಗನ ಬಳಿಗೆ ತರುವ ಬದಲು ನೋಡುಗನನ್ನೇ ಸ್ಥಳಕ್ಕೆ ಇಳಿಸಿದ ಜಾಣ್ಮೆ ಅದು.

೭. ಕೋಣೆಯ ವಿನ್ಯಾಸ

ಎಲ್ಲ ಕಲ್ಲುಗಳಿಗೂ ಇಂಥ ಭಾಗ್ಯವಿಲ್ಲ; ಎಲ್ಲರೂ ಜಪಾನಿಗೆ ಹೋಗಿ ಬರಲಾರರು. ಆದ್ದರಿಂದ ವಸ್ತುಸಂಗ್ರಹಾಲಯಗಳು ಬೇಕೇ ಬೇಕು. ಉರ್ವಕ್ಕೆ ದೂರವಲ್ಲದ ಬಿಜೈಯಲ್ಲಿ ಕರ್ನಲ್ ಮಿರಾಜಕರ್ ಅವರು ತಾಯಿಯ ನೆನಪಿಗೆ ಕೊಟ್ಟ ಕಟ್ಟಡದಲ್ಲಿ ೧೯೬೦ರಿಂದ ನಡೆದುಬಂದಿರುವ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವೂ ಮೂಲತಃ ಮೃತಳಾದ ಒಬ್ಬ ತಾಯಿಯ ಸ್ಮಾರಕವೇ ಅಲ್ಲವೇ? ಪ್ರಶ್ನೆಯಿರುವುದು ಕೋಣೆಯನ್ನು ಹೇಗೆ ಅಣಿಗೊಳಿಸಬೇಕೆಂಬುದರಲ್ಲಿ. ನನ್ನ ವಿದ್ಯಾರ್ಥಿಗೆ ನಾನು ಸೂಚಿಸಿದುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು, ಪ್ರತಿ ವಸ್ತುವಿನ ಹಲಗೆಯಲ್ಲಿ ಕಾಲ, ದೇಶಗಳ ಜೊತೆಗೆ ಅದು ಯಾರಿಂದ ಏನನ್ನು ಕೋರುತ್ತದೆ ಎಂಬುದನ್ನು ಬರೆಯಬೇಕು. ಜಪಾನಿನ ಹೆಸರುಫಲಕದ ಕೆಳಗೆ 'ದಿನವೂ ನೀರಿಡಬೇಕು' ಎಂದೂ, ಆತಕೂರಿನ ಕಲ್ಲಿನ ಚಿತ್ರದ ಕೆಳಗೆ 'ಉಣ್ಣುವ ಮುನ್ನ ಪೂಜಿಸಬೇಕು' ಎಂದೂ ಇದ್ದರೆ ಮಗುವಿಗೆ ಎರಡರ ನಂಟೂ ತಾನಾಗಿ ಹೊಳೆದೀತು.

ಎರಡನೆಯದು, ಎಮ್ಮನ ನ್ಯಾಯಸ್ಥಾನದಲ್ಲಿ ಪಾಪಪುಣ್ಯಗಳನ್ನು ಎಣಿಸುವ ಯಂತ್ರ ಬೇಡ. ಅದು ಜಾತ್ರೆಯ ಆಟವಾಗುತ್ತದೆ. ಆ ಕಥೆಯ ಮರ್ಮ ತೀರ್ಪಿನಲ್ಲಿಲ್ಲ, ತನ್ನನ್ನು ತಾನು ಕಾಣುವುದರಲ್ಲಿದೆ. ಮಂದ ಬೆಳಕಿನಲ್ಲಿ ಒಂದು ಸಾಮಾನ್ಯ ಕನ್ನಡಿಯನ್ನಿಟ್ಟು ಒಬ್ಬೊಬ್ಬರೇ ಅದರ ಮುಂದೆ ನಿಲ್ಲುವಂತೆ ಮಾಡಿದರೆ ಸಾಕು.

ಮೂರನೆಯದು, ಬೋನ್ ಹಬ್ಬದ ಎಡೆಯನ್ನೂ ಆಟಿಯ ಬಾಳೆಯೆಲೆಯನ್ನೂ ಎದುರು ಬದುರಾಗಿ ಇಡಬೇಕು. ನಡುವಿನ ಮೇಜಿನಲ್ಲಿ ಮುಳ್ಳುಸೌತೆ, ಬದನೆ, ಕಡ್ಡಿಗಳನ್ನಿಟ್ಟರೆ ಮಕ್ಕಳು ಕುದುರೆಯನ್ನೂ ಹಸುವನ್ನೂ ತಾವೇ ಮಾಡಲಿ. ಪರದೆಯ ಮೇಲಿನ ನೂರು ಚಿತ್ರಗಳು ಕಲಿಸದ ಮಾತನ್ನು ಆ ಬದನೆಯ ಹಸು ಕಲಿಸುತ್ತದೆ. ನಿಧಾನವಾಗಿ ಹೋಗಿ ಎಂದು ಬೀಳ್ಕೊಡುವುದರ ಅರ್ಥ, ಅಜ್ಜ ಅಜ್ಜಿಯರನ್ನು ಕಳೆದುಕೊಂಡ ಯಾವ ಮಗುವಿಗೆ ತಿಳಿಯದು?

ನಾಲ್ಕನೆಯದು, ಕೆಲವನ್ನು ಆಟವಾಗಿಸಲೇಬಾರದು. ದಹನದ ಅನಂತರ ಮನೆಯವರು ಕಡ್ಡಿಗಳಿಂದ ಅಸ್ಥಿಯನ್ನು ಆಯ್ದು ಕೈಯಿಂದ ಕೈಗೆ ದಾಟಿಸುವ ವಿಧಿ ಜಪಾನಿನಲ್ಲಿದೆ. ಆ ಕಾರಣದಿಂದಲೇ ಊಟದ ಹೊತ್ತಿನಲ್ಲಿ ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸುವುದು ಅಲ್ಲಿ ನಿಷಿದ್ಧ. ಇದನ್ನು ಬರೆದು ತಿಳಿಸಬಹುದು. ಮಾಡಿ ನೋಡಿ ಎಂದು ಕಡ್ಡಿಗಳನ್ನಿಡುವುದು ಅಪಚಾರ. ೨೦೨೨ರಲ್ಲಿ ಚಲನಚಿತ್ರವೊಂದರಿಂದಾಗಿ ದೈವದ ವೇಷವನ್ನು ಕಂಡಕಂಡಲ್ಲಿ ಅನುಕರಿಸತೊಡಗಿದಾಗ ತುಳುನಾಡಿನವರು ನೊಂದುದನ್ನು ನಾವು ಕಂಡಿದ್ದೇವೆ. ನಮಗೆ ಬೇಡವಾದುದನ್ನು ಪರರ ವಿಷಯದಲ್ಲಿ ಮಾಡಬಾರದು. ಹಾಗೆಯೇ ಮಾಸ್ತಿಕಲ್ಲನ್ನು ಇಡುವುದಾದರೆ ಸಹಗಮನದ ವೈಭವೀಕರಣವಾಗದಂತೆ ಎಚ್ಚರವಿರಬೇಕು. ೧೯೮೭ರ ಕಾಯಿದೆ ಅದನ್ನು ನಿಷೇಧಿಸಿದೆ. ೧೦೫೭ರ ಬೆಳತೂರಿನ ಶಾಸನದಲ್ಲಿ ದೇಕಬ್ಬೆಯನ್ನು ಹೆತ್ತವರು ಬೇಡವೆಂದು ತಡೆದರೆಂಬ ಸಂಗತಿಯಿದೆ. ಆ ತಡೆದ ಮಾತನ್ನೂ ಹಲಗೆಯ ಮೇಲೆ ಬರೆಯಬೇಕು.

ಐದನೆಯದು, ಕೋಣೆಯ ಕೊನೆಯಲ್ಲಿ ತಂತಿಯಿಲ್ಲದ ಒಂದು ಹಳೆಯ ದೂರವಾಣಿ. ಇದು ನನ್ನ ಕಲ್ಪನೆಯಲ್ಲ. ಜಪಾನಿನ ಓತ್ಸುಚಿ ಎಂಬ ಊರಿನ ಇತಾರು ಸಸಾಕಿ ಎಂಬವರು ೨೦೧೦ರಲ್ಲಿ, ಅಗಲಿದ ಬಂಧುವಿನೊಡನೆ ಮಾತನಾಡುವುದಕ್ಕೆಂದು, ತಮ್ಮ ತೋಟದಲ್ಲಿ ಗಾಜಿನ ಗೂಡೊಂದನ್ನು ನಿಲ್ಲಿಸಿ, ಎಲ್ಲಿಗೂ ಜೋಡಿಸದ ದೂರವಾಣಿಯನ್ನಿಟ್ಟರು. ೨೦೧೧ರ ಮಾರ್ಚ್ ೧೧ರ ಸುನಾಮಿಯಲ್ಲಿ ಆ ಊರು ಕೊಚ್ಚಿಹೋದ ಮೇಲೆ, ತಮ್ಮವರನ್ನು ಕಳೆದುಕೊಂಡ ಸಾವಿರಾರು ಮಂದಿ ಅಲ್ಲಿಗೆ ಬಂದು ಮಾತನಾಡಿ ಹೋದರು. 'ಗಾಳಿಯ ದೂರವಾಣಿ' ಎಂದು ಅದಕ್ಕೆ ಹೆಸರು. ಪ್ರೇಕ್ಷಕನು ತಾನೇ ಭಾಗವಹಿಸುವ ಪ್ರದರ್ಶನಕ್ಕೆ ಇದಕ್ಕಿಂತ ಸರಳವಾದ ಮಾದರಿಯನ್ನು ನಾನು ಕಾಣೆ. ಅದರಲ್ಲಿ ಯಂತ್ರ ಏನನ್ನೂ ಮಾಡುವುದಿಲ್ಲ, ಮಾಡುವವನು ಬಂದವನೇ. ಅಲ್ಲಿ ಆಡಿದ ಮಾತನ್ನು ಯಾರೂ ಮುದ್ರಿಸಿಕೊಳ್ಳಬಾರದು, ಛಾಯಾಚಿತ್ರ ತೆಗೆಯಬಾರದು.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ತಿಳಿದುಬರುವುದಿಷ್ಟು. ಮರಣವನ್ನು ಕುರಿತ ತತ್ತ್ವಗಳು ದೇಶದಿಂದ ದೇಶಕ್ಕೆ, ಮತದಿಂದ ಮತಕ್ಕೆ ಬೇರೆಯಾಗುತ್ತವೆ. ಮೈಲಿಗೆಯೆನ್ನುವವರುಂಟು, ಸೂತಕವಿಲ್ಲವೆನ್ನುವವರುಂಟು, ನದಿ ದಾಟಬೇಕೆನ್ನುವವರುಂಟು, ಬಯಲಾಗಬೇಕೆನ್ನುವವರುಂಟು. ಪ್ರದರ್ಶನಶಾಲೆ ಈ ಭೇದಗಳನ್ನು ಅಳಿಸಬಾರದು. ಆದರೆ ಆ ತತ್ತ್ವಗಳೆಲ್ಲವೂ ಬದುಕಿರುವವರ ಕೈಗೆ ಒಂದು ಕೆಲಸವನ್ನು ಒಪ್ಪಿಸುತ್ತವೆ. ನೋಡುಗನಿಗೆ ಪರದೇಶದ ನಂಬಿಕೆ ಅರ್ಥವಾಗುವುದು ಆ ಕೆಲಸದ ಮೂಲಕ.

ಶಾಲೆಯ ಅಂಗಳಕ್ಕೆ ತಂದ ಕಲ್ಲನ್ನು ನಾನು ಬದುವಿಗೆ ಹಿಂತಿರುಗಿಸಲಿಲ್ಲ. ಅಷ್ಟರಲ್ಲಿ ಆ ಗುಂಡಿಯನ್ನು ಮುಚ್ಚಿ ಭತ್ತ ನಾಟಿ ಮಾಡಿ ಆಗಿತ್ತು. ನಾನು ಮಾಡಿದ್ದು ಇಷ್ಟೇ: ಬೇಲಿಗೆ ಒಂದು ಗೇಟು ಇರಿಸಿ, ಅಮಾವಾಸ್ಯೆಯಂದು ಅದಕ್ಕೆ ಬೀಗ ಹಾಕಕೂಡದೆಂದು ಶಾಲೆಯ ಜವಾನನಿಗೆ ಹೇಳಿದೆ. ನಾನು ಅಲ್ಲಿದ್ದಷ್ಟು ಕಾಲ ಆ ಮುದುಕಿ ತಪ್ಪದೆ ಬಂದಳು. ನಾನು ಉಜ್ಜಿ ತೊಳೆದ ಕಲ್ಲು ಮತ್ತೆ ಎಣ್ಣೆಯಿಂದ ಕಪ್ಪಾಯಿತು. ಹಾಳೆಯನ್ನು ಹಿಡಿದು ಬಂದಿದ್ದ ಆ ಸಂಜೆ ನನ್ನ ವಿದ್ಯಾರ್ಥಿಗೆ ಇದನ್ನು ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, ಲೇಖನಿ ತೆಗೆದು, ಪಾಪಪುಣ್ಯದ ಯಂತ್ರವಿದ್ದ ಕಡೆ ಗೀಟೆಳೆದು 'ಕನ್ನಡಿ' ಎಂದು ಬರೆದುಕೊಂಡನು.